ಗಾಲಿ ಮೇಲಿನ ಅಡುಗೆ ಕಟ್ಟೆ ಅಲ್ಲಾಡಿದರೆ

ಈ ಸಲದ ಪ್ರಶ್ನೆಗಳೆಲ್ಲ ಒಂದೇ ಜಾಗದ ಸುತ್ತ ಇವೆ: ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಟ್ರೇಲರ್‌ನೊಳಗಿನ ಅಡುಗೆ ಕಟ್ಟೆ. ಮೊದಲ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನೇ ಮೊದಲು ಓದಿಕೊಳ್ಳಿ, ಅಲ್ಲಿ ಹೇಳಿದ್ದನ್ನು ಮುಂದೆ ಮತ್ತೆ ಹೇಳಿಲ್ಲ.

ಪ್ರಶ್ನೆ: ಹತ್ತು ಅಡಿಯ ಹಳೆಯ ಕ್ಯಾಂಪರ್ ಟ್ರೇಲರ್ ಕೊಂಡಿದ್ದೇವೆ. ಒಳಗೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಕಟ್ಟೆ ಇದೆ. ಸಿಂಕು, ಎರಡು ಬರ್ನರ್‌ನ ಒಲೆ ಎರಡೂ ಅದರಲ್ಲೇ. ಸಂಡೂರಿಗೆ ಎರಡು ಸಲ ಹೋಗಿ ಬಂದದ್ದೇ ತಡ, ಕಟ್ಟೆಯ ಮುಂದಿನ ಅಂಚು ಕೈಯಿಂದ ಎತ್ತಿದರೆ ಒಂದು ಬೆರಳು ಮೇಲೇಳುತ್ತದೆ. ಕೆಳಗಿನ ಸ್ಕ್ರೂ ಬಿಗಿ ಮಾಡಲು ಹೋದರೆ ಸುಮ್ಮನೆ ಸುತ್ತುತ್ತವೆ. ಇನ್ನೂ ಉದ್ದದ ಸ್ಕ್ರೂ ಹಾಕಲೇ?
— ಓದುಗರು, ಬಳ್ಳಾರಿ

ಉತ್ತರ: ಬೇಡ. ಕಟ್ಟೆಯ ಹಲಗೆ ಸಾಮಾನ್ಯವಾಗಿ 16 ಇಲ್ಲವೇ 18 ಮಿ.ಮೀ. ದಪ್ಪ. 16 ಮಿ.ಮೀ. ಸ್ಕ್ರೂ ಹಾಕಿದರೆ ಎಲ್ ಕ್ಲಾಂಪಿನ (ಕಟ್ಟೆಯನ್ನು ಕಪಾಟಿಗೆ ಹಿಡಿಸುವ, ಎಲ್ ಆಕಾರಕ್ಕೆ ಬಗ್ಗಿಸಿದ ಪಟ್ಟಿ) ದಪ್ಪ 2 ಕಳೆದು 14 ಮಿ.ಮೀ. ಮರದೊಳಗೆ ಕೂರುತ್ತದೆ, ಅಷ್ಟೇ ಅಲ್ಲಿರುವ ಜಾಗ. 25ರದ್ದು ಹಾಕಿದಿರೋ, ತುದಿ ಸನ್‌ಮೈಕಾ ಒಡೆದುಕೊಂಡು ಮೇಲೆ ಇಣುಕುತ್ತದೆ. ಅದೇ ತೂತಿಗೆ ದಪ್ಪ ಸ್ಕ್ರೂ ಹಾಕಿದರೆ ಒಂದು ತಿಂಗಳು ನಿಲ್ಲುತ್ತದೆ, ಆಮೇಲೆ ತೂತು ಇನ್ನಷ್ಟು ದೊಡ್ಡದಾಗುತ್ತದೆ.

ಕೆಟ್ಟಿರುವುದು ಸ್ಕ್ರೂ ಅಲ್ಲ, ಅದನ್ನು ಹಿಡಿದುಕೊಂಡಿದ್ದ ಹಲಗೆ. ಮನೆಯ ಕಟ್ಟೆ ತನ್ನ ಭಾರಕ್ಕೆ ತಾನೇ ಕೂತಿರುತ್ತದೆ. ಟ್ರೇಲರ್‌ನಲ್ಲಿ ಗಾಲಿ ಗುಂಡಿಗೆ ಇಳಿದಾಗ ಇಡೀ ಪೆಟ್ಟಿಗೆ ಕೆಳಕ್ಕೆ ಹೋಗುತ್ತದೆ, ಕಟ್ಟೆ ಇದ್ದಲ್ಲೇ ಉಳಿಯಲು ನೋಡುತ್ತದೆ. ಆ ಕ್ಷಣ ಒಲೆ, ಸಿಂಕು, ಹಲಗೆ ಎಲ್ಲದರ ಎಳೆತ ನಾಲ್ಕಾರು ಸ್ಕ್ರೂಗಳ ಮೇಲೆ ಬೀಳುತ್ತದೆ. ಒಂದು ಸ್ಕ್ರೂ ಬಿಚ್ಚಿ ಅದರ ಥ್ರೆಡ್ ನೋಡಿ. ಕಂದು ಪುಡಿ ಮೆತ್ತಿಕೊಂಡಿದ್ದರೆ ಹಲಗೆ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರನ್ನು ಅಂಟು ಹಾಕಿ ಒತ್ತಿದ್ದು. ನಾರಿನ ಎಳೆ ಬಂದರೆ ಪ್ಲೈವುಡ್. ಪಾರ್ಟಿಕಲ್ ಬೋರ್ಡಿನಲ್ಲಿ ಒಮ್ಮೆ ಥ್ರೆಡ್ ಕಿತ್ತರೆ ಆ ತೂತು ಮತ್ತೆ ಹಿಡಿಯುವುದಿಲ್ಲ.

ಕೈ ಹಾಕುವ ಮುನ್ನ ಸಿಲಿಂಡರಿನ ರೆಗ್ಯುಲೇಟರ್ ಕಳಚಿ ಸಿಲಿಂಡರನ್ನು ಹೊರಗಿಡಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ನೀರಿನ ಟ್ಯಾಂಕ್ ಖಾಲಿ ಮಾಡಿ. ಎರಡೂ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಕಟ್ಟೆಯ ಕೆಳಗಿನ ಪೈಪು, ವೈರುಗಳ ಫೋಟೊ ತೆಗೆದುಕೊಳ್ಳಿ, ಸಂಜೆ ಮತ್ತೆ ಜೋಡಿಸುವಾಗ ಅದು ನೆನಪಿಗಿಂತ ಗಟ್ಟಿ.

ಈಗ ಎಲ್ಲಿ ಸಡಿಲವಾಗಿದೆ ಎಂದು ಹುಡುಕಬೇಕು. ಒಬ್ಬರು ಮೇಲೆ ಕಟ್ಟೆ ಹಿಡಿದು ನಿಧಾನ ಅಲ್ಲಾಡಿಸಲಿ. ಇನ್ನೊಬ್ಬರು ಕೆಳಗಿನ ಕಪಾಟಿನೊಳಗೆ ಕೈ ಹಾಕಿ ಒಂದೊಂದೇ ಕ್ಲಾಂಪಿನ ಮೇಲೆ ಬೆರಳಿಡಲಿ, ಅರ್ಧ ಬೆರಳು ಕ್ಲಾಂಪಿಗೆ, ಅರ್ಧ ಹಲಗೆಗೆ ತಾಗುವಂತೆ. ಕ್ಲಾಂಪು ನಿಂತಿದ್ದು ಹಲಗೆ ಸರಿದರೆ ಕಟ್ಟೆಯ ತೂತು ಹೋಗಿದೆ. ಕ್ಲಾಂಪು ಹಲಗೆ ಎರಡೂ ಒಟ್ಟಿಗೆ ಸರಿದರೆ ಕಪಾಟಿನ ಪಕ್ಕದ ಹಲಗೆಯ ಕಡೆ ಸಡಿಲ. ಕಟ್ಟೆಯ ಹಿಂದೆ ಗೋಡೆಗೆ ಹೊಡೆದ ರೀಪು ಸಮೇತ ಅಲ್ಲಾಡಿದರೆ ರೋಗ ಗೋಡೆಯಲ್ಲಿದೆ. ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ಮಾಡಿದ ರಿಪೇರಿ ಹೆಚ್ಚು ದಿನ ಬಾಳುವುದಿಲ್ಲ. ಹಳೆಯ ಟ್ರೇಲರ್‌ನಲ್ಲಿ ಮೂರೂ ಸ್ವಲ್ಪ ಸ್ವಲ್ಪ ಇರುವುದೇ ಹೆಚ್ಚು.

ಕಟ್ಟೆಯ ತೂತು ಹೋಗಿದ್ದರೆ: ಒಲೆ, ಸಿಂಕು ಬಿಚ್ಚಿ, ಕಟ್ಟೆಯನ್ನು ಹೊರಗೆ ತಂದು ಕಂಬಳಿಯ ಮೇಲೆ ಮಕಾಡೆ ಮಲಗಿಸಿ. ಇದ್ದಲ್ಲೇ ಮಾಡಿದರೆ ಅಂಟು ತೂತಿನಲ್ಲಿ ನಿಲ್ಲದೆ ನಿಮ್ಮ ಮುಖದ ಮೇಲೆ ಸುರಿಯುತ್ತದೆ. ಎರಡು ಮೂರು ತೂತು ಮಾತ್ರ ಕೆಟ್ಟಿದ್ದರೆ ಅವನ್ನು 10 ಮಿ.ಮೀ. ಬಿಟ್‌ನಿಂದ 12 ಮಿ.ಮೀ. ಆಳಕ್ಕೆ ಕೊರೆಯಿರಿ. ಬಿಟ್‌ನ ತುದಿಯಿಂದ 12 ಮಿ.ಮೀ. ಬಿಟ್ಟು ಇನ್ಸುಲೇಷನ್ ಟೇಪ್ ಸುತ್ತಿ, ಟೇಪು ಹಲಗೆಗೆ ತಾಗಿದಾಗ ನಿಲ್ಲಿಸಿ. ಪುಡಿ ಪೂರಾ ಊದಿ ತೆಗೆಯಿರಿ. ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿ ತಂದು, ಪ್ಯಾಕಿನ ಮೇಲಿನ ಅಳತೆಗೆ ಕಲಸಿ, ನುಣ್ಣಗೆ ಜರಡಿ ಹಿಡಿದ ಮರದ ಹೊಟ್ಟು ಸೇರಿಸಿ, ರೊಟ್ಟಿ ಹಿಟ್ಟಿಗಿಂತ ಸ್ವಲ್ಪ ಸಡಿಲವಾದ ಹದಕ್ಕೆ ತಂದು ತುಂಬಿ. ಒಂದು ತೂತಿಗೆ ಸುಮಾರು 1 ಮಿ.ಲೀ. ಹಿಡಿಯುತ್ತದೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆ ಬೇಡ, ನಿಧಾನ ಗಟ್ಟಿಯಾಗುವುದೇ ಬೇಕು. 24 ಗಂಟೆ ಬಿಟ್ಟು, 4 ಮಿ.ಮೀ. ಸ್ಕ್ರೂಗೆ 3 ಮಿ.ಮೀ. ತೂತು ಕೊರೆದು ಸ್ಕ್ರೂ ಕೂರಿಸಿ. ಮೊದಲೇ ತೂತು ಕೊರೆಯದೆ ತುರುಕಿದರೆ ಎಪಾಕ್ಸಿ ಬಿರಿಯುತ್ತದೆ.

ತೂತಿಗೆ ಮರದ ಗೂಟ ಬಡಿಯುವುದು ನಮ್ಮ ಬಡಿಗೇರರ ಹಳೆಯ ಪದ್ಧತಿ. ಬಾಗಿಲು ಚೌಕಟ್ಟಿಗೆ ಅದು ಸರಿ. ಇಲ್ಲಿ ಸ್ಕ್ರೂ ಗೂಟದ ಉದ್ದಕ್ಕೇ, ನಾರಿನ ಎಳೆಗಳ ನಡುವೆ ಇಳಿಯುತ್ತದೆ. ಮೇಲಕ್ಕೆ ಎಳೆತ ಬಿದ್ದಾಗ ಎಳೆ ಬಿಟ್ಟುಕೊಟ್ಟು ಸ್ಕ್ರೂ ಜಾರುತ್ತದೆ. ಬೆಂಕಿಕಡ್ಡಿ ತುರುಕುವುದಂತೂ ಮಾತೇ ಬೇಡ.

ಅರ್ಧಕ್ಕಿಂತ ಹೆಚ್ಚು ತೂತು ಹೋಗಿದ್ದರೆ ತುಂಬುತ್ತ ಕೂರುವ ಬದಲು 12 ಮಿ.ಮೀ. ಪ್ಲೈವುಡ್‌ನ 2 ಇಂಚು ಅಗಲದ ಪಟ್ಟಿಗಳನ್ನು ಕಟ್ಟೆಯ ಅಡಿಗೆ, ಕ್ಲಾಂಪು ಬರುವ ಜಾಗದುದ್ದಕ್ಕೂ ಎಪಾಕ್ಸಿಯಲ್ಲಿ ಅಂಟಿಸಿ. ಅಂಟಿಸುವ ಜಾಗವನ್ನು 80 ನಂಬರ್ ಪಾಲಿಷ್ ಪೇಪರಿನಿಂದ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಸಂಡೂರು, ತೋರಣಗಲ್ಲು ಕಡೆ ಓಡಾಡಿದ ಗಾಡಿಯಲ್ಲಿ ಅದಿರಿನ ಕೆಂಪು ದೂಳು ಎಲ್ಲ ಸಂದಿಗೂ ಹೊಕ್ಕಿರುತ್ತದೆ. ಅದರ ಮೇಲೆ ಹಾಕಿದ ಅಂಟು ದೂಳನ್ನು ಹಿಡಿಯುತ್ತದೆಯೇ ಹೊರತು ಹಲಗೆಯನ್ನಲ್ಲ. ಒರೆಸಿದ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಒರೆಸಿ. ಪಟ್ಟಿ ಕೂತ ಮೇಲೆ ಮರದ ದಪ್ಪ 28 ಇಲ್ಲವೇ 30 ಮಿ.ಮೀ. ಆಗುತ್ತದೆ. ಈಗ 25ರ ಸ್ಕ್ರೂ ನಿರಾತಂಕವಾಗಿ ಹಾಕಬಹುದು. ಪಟ್ಟಿ ಕಪಾಟಿನ ಒಳಬದಿಗೆ ಬರುವುದರಿಂದ ಕಟ್ಟೆಯ ಎತ್ತರ ಬದಲಾಗದು. ಕ್ಲಾಂಪುಗಳಷ್ಟೇ 12 ಮಿ.ಮೀ. ಕೆಳಗಿಳಿದು ಹೊಸ ತೂತಿನಲ್ಲಿ ಕೂರುತ್ತವೆ, ಅದೂ ಒಳ್ಳೆಯದೇ.

ನಿಮ್ಮ ಅಳತೆಯ ಕಟ್ಟೆಗೆ ಹಿಂದೆ ಮೂರು, ಎಡಬಲಕ್ಕೆ ಒಂದೊಂದು, ಕಪಾಟಿನ ಮುಂದಿನ ಪಟ್ಟಿಗೆ ಎರಡು, ಒಟ್ಟು ಏಳು ಎಲ್ ಕ್ಲಾಂಪು ಬೇಕು. 2 ಇಂಚು ಬಾಹುವಿನ, 2 ಮಿ.ಮೀ. ದಪ್ಪದವು ತನ್ನಿ. ಬೆರಳಲ್ಲಿ ಬಗ್ಗುವ ತೆಳ್ಳಗಿನವು ಕ್ಯಾಲೆಂಡರ್ ಹಾಕಲು ಸಾಕು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್‌ನವು ಇರಲಿ.

ಗೋಡೆಯ ರೀಪು ಅಲ್ಲಾಡುತ್ತಿದ್ದರೆ ಕೆಲಸ ಬೇರೆ. ಟ್ರೇಲರ್ ಗೋಡೆ ಅಂದರೆ ಹೊರಗೆ ಅಲ್ಯೂಮಿನಿಯಂ ಇಲ್ಲವೇ ಫೈಬರ್ ತಗಡು, ನಡುವೆ ಥರ್ಮಾಕೋಲಿನಂಥದ್ದು, ಒಳಗೆ 3 ಮಿ.ಮೀ. ಪ್ಲೈ. ಆ 3 ಮಿ.ಮೀ.ನಲ್ಲಿ ಸ್ಕ್ರೂವಿನ ಎರಡು ಥ್ರೆಡ್ ಕೂಡ ಸರಿಯಾಗಿ ಕೂರುವುದಿಲ್ಲ. ರೀಪು ಒಳಗಿನ ಚೌಕಟ್ಟಿಗೇ ಸೇರಬೇಕು. ನಮ್ಮಲ್ಲಿ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಕಟ್ಟಿದ ಟ್ರೇಲರ್ ಆದರೆ ಚೌಕಟ್ಟು ಬಹುಮಟ್ಟಿಗೆ ಕಬ್ಬಿಣದ ಚೌಕ ಪೈಪಿನದು. ಒಂದು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಗೋಡೆಯುದ್ದಕ್ಕೂ ಸರಿಸಿ, ಅಂಟಿಕೊಂಡಲ್ಲಿ ಪೆನ್ಸಿಲ್ ಗುರುತು ಹಾಕಿ. ರೀಪು ಕನಿಷ್ಠ ಎರಡು ಪೈಪಿಗಾದರೂ ಮುಟ್ಟುವಷ್ಟು ಉದ್ದ ಇರಲಿ, ಕಟ್ಟೆಗಿಂತ ಆಚೀಚೆ ಚಾಚಿದರೂ ಅಡ್ಡಿಯಿಲ್ಲ. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂವಿನ, ಅಂದರೆ ಕಬ್ಬಿಣಕ್ಕೆ ತಾನೇ ತೂತು ಕೊರೆದುಕೊಂಡು ಹೋಗುವುದರ, ಅಳತೆಗೆ ಲೆಕ್ಕ ಹೀಗೆ: ರೀಪು 18, ಒಳಗಿನ ಪ್ಲೈ 3, ಒಟ್ಟು 21 ಮಿ.ಮೀ. ಆದ ಮೇಲೆ ಪೈಪು. 38 ಮಿ.ಮೀ. ಸ್ಕ್ರೂ ಹಾಕಿದರೆ ಪೈಪಿನೊಳಗೆ 17 ಮಿ.ಮೀ. ಹೋಗುತ್ತದೆ. ಪೈಪು 25 ಮಿ.ಮೀ.ನದಾದರೆ ಆಚೆ ಬದಿಗೆ ಇನ್ನೂ 8 ಮಿ.ಮೀ. ಉಳಿಯುತ್ತದೆ. 50ರ ಸ್ಕ್ರೂ ಹಾಕಿದವರು ಹೊರಗಿನ ತಗಡಿಗೇ ತೂತು ಮಾಡಿ, ಮೊದಲ ಮಳೆಗೆ ಗೋಡೆಯೊಳಗೆ ನೀರು ಬಿಟ್ಟುಕೊಳ್ಳುತ್ತಾರೆ. ಗುರುತು ಹಾಕಿದ ಕಡೆ ವೈರ್ ಹಾದಿಲ್ಲವೆಂದು ಸ್ವಿಚ್, ಲೈಟುಗಳ ದಿಕ್ಕು ನೋಡಿ ಖಚಿತ ಮಾಡಿಕೊಳ್ಳಿ. ರೀಪಿನ ಬೆನ್ನಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಒಂದು ಗೆರೆ ಎಳೆದು ಬಿಗಿದರೆ ಕಿರ್ ಎನ್ನುವ ಸದ್ದೂ ನಿಲ್ಲುತ್ತದೆ.

ಜೋಡಿಸುವಾಗ ಕಟ್ಟೆಗೂ ಗೋಡೆಗೂ ನಡುವೆ 3 ಮಿ.ಮೀ. ಸಂದು ಬಿಡಿ. ಓಡುವಾಗ ಟ್ರೇಲರ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಒತ್ತಿ ಕೂರಿಸಿದ ಕಟ್ಟೆ ಗೋಡೆಗೆ ಉಜ್ಜಿ ಸನ್‌ಮೈಕಾ ಅಂಚು ಒಡೆಯುತ್ತದೆ. ಆ ಸಂದನ್ನು ಸಿಲಿಕಾನ್‌ನಿಂದ ತುಂಬಿ. ಎಲ್ಲ ಸ್ಕ್ರೂ ಮೊದಲು ಸಡಿಲವಾಗಿ ಹಿಡಿಸಿ, ಆಮೇಲೆ ನಡುವಿನಿಂದ ತುದಿಗಳ ಕಡೆಗೆ ಬಿಗಿ ಮಾಡುತ್ತ ಹೋಗಿ. ಕೊನೆಯ ಅರ್ಧ ಸುತ್ತು ಕೈ ಸ್ಕ್ರೂಡ್ರೈವರಿನಲ್ಲೇ ಆಗಲಿ. ಡ್ರಿಲ್ ಮಷೀನ್ ಕೊಟ್ಟರೆ ಒಂದು ಕ್ಷಣದಲ್ಲಿ ಹೊಸ ಥ್ರೆಡ್ಡೂ ಕಿತ್ತುಕೊಂಡು ಹೋಗುತ್ತದೆ. ಗ್ಯಾಸ್ ಟ್ಯೂಬ್ ಐದು ವರ್ಷ ದಾಟಿದ್ದರೆ ಇದೇ ಸಂದರ್ಭದಲ್ಲಿ ಹೊಸದು ಹಾಕಿ. ಸಿಲಿಂಡರ್ ಜೋಡಿಸಿದ ಮೇಲೆ ಒಂದೊಂದು ಜೋಡಣೆಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳದಿದ್ದರೆ ಮಾತ್ರ ಒಲೆ ಹಚ್ಚಿ.

ಕೊನೆಗೊಂದು ಸಣ್ಣ ಉಪಾಯ: ಪ್ರತಿ ಸ್ಕ್ರೂವಿನ ತಲೆಯಿಂದ ಕ್ಲಾಂಪಿನ ಮೇಲಕ್ಕೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮೊದಲ 50 ಕಿ.ಮೀ. ಓಡಿದ ಮೇಲೆ ಟಾರ್ಚ್ ಹಾಕಿ ನೋಡಿ. ಗೆರೆ ಎಲ್ಲಿ ಎರಡಾಗಿದೆಯೋ ಆ ಸ್ಕ್ರೂ ತಿರುಗಿದೆ.

ಪ್ರಶ್ನೆ: ಸಿಂಕಿನ ಸುತ್ತ ಕಟ್ಟಿ ಉಬ್ಬ್ಯದ. ಕೈಲೆ ಒತ್ತಿದ್ರ ಮೆತ್ತಗ ಹತ್ತತದ. ಬಿಸಿಲಿಗಿಟ್ಟು ಒಣಗ್ಸಿದ್ರ ಮೊದ್ಲಿನಂಗ ಆಗ್ತದೇನ್ರಿ?
— ಓದುಗರು, ರಾಯಚೂರು

ಉತ್ತರ: ಇಲ್ಲರಿ. ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬಿದರೆ ಒಳಗಿನ ಚೂರುಗಳ ಅಂಟು ಬಿಟ್ಟಿರುತ್ತದೆ. ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಅದು ಒಣಗುತ್ತದೆ, ಆದರೆ ತೆಳ್ಳಗಾಗುವುದಿಲ್ಲ, ಗಟ್ಟಿಯೂ ಆಗುವುದಿಲ್ಲ. ಸಣ್ಣ ಸ್ಕ್ರೂಡ್ರೈವರ್ ತುದಿಯನ್ನು ಕೆಳಗಿನಿಂದ ಕೈಯಲ್ಲೇ ಒತ್ತಿ ನೋಡಿ. 3 ಮಿ.ಮೀ.ಗಿಂತ ಹೆಚ್ಚು ಒಳಗೆ ಹೋಗುವ ಜಾಗವನ್ನೆಲ್ಲ ಗುರುತು ಮಾಡಿ. ಗುರುತು ಸಿಂಕಿನ ಅಂಚಿನಿಂದ 2 ಇಂಚಿನೊಳಗೇ ಇದ್ದರೆ, ಅಡಿಯಿಂದ ಪ್ಲೈ ಪಟ್ಟಿ ಅಂಟಿಸಿ ಒಂದೆರಡು ವರ್ಷ ದೂಡಬಹುದು. ಅದನ್ನು ದಾಟಿದ್ದರೆ ಹೊಸ ಕಟ್ಟೆಯೇ ಸರಿ.

ಹೊಸದಕ್ಕೆ ಐಎಸ್ 710 ಗುರುತಿನ ಮರೈನ್ ಪ್ಲೈ, 18 ಮಿ.ಮೀ.ನದು ತನ್ನಿ. ಅಂಗಡಿಯವರು ವಾಟರ್‌ಪ್ರೂಫ್ ಅಂದರೆ ಸಾಲದು, ಹಲಗೆಯ ಮೇಲೆ ಅಚ್ಚು ಹಾಕಿದ ನಂಬರ್ ಓದಿ. ಪೂರ್ತಿ ಹಲಗೆ 8ಕ್ಕೆ 4 ಅಡಿಯದು. 4 ಅಡಿಗೆ ಒಂದೂವರೆ ಅಡಿಯ ಕಟ್ಟೆಗೆ 6 ಚದರ ಅಡಿ ಸಾಕಾಗುವುದರಿಂದ ಫರ್ನಿಚರ್ ಕೆಲಸದವರಲ್ಲಿ ಉಳಿದ ತುಂಡು ಸಿಗುತ್ತದೆಯೇ ವಿಚಾರಿಸಿ. ಹಳೆಯ ಕಟ್ಟೆಯನ್ನೇ ಅಚ್ಚಾಗಿಟ್ಟು ಗೆರೆ ಎಳೆಯುವಾಗ ಎರಡರದ್ದೂ ಮೇಲ್ಭಾಗ ಮೇಲೆಯೇ ಇರಲಿ. ಒಂದನ್ನು ಬೋರಲು ಹಾಕಿ ಗೆರೆ ಎಳೆದರೆ ಎಡಕ್ಕಿರಬೇಕಾದ ಸಿಂಕು ಬಲಕ್ಕೆ ಹೋಗುತ್ತದೆ, ಹಲಗೆ ಕೊಯ್ದ ಮೇಲೆ ಅದಕ್ಕೆ ಮದ್ದಿಲ್ಲ.

ಸಿಂಕಿಗೆ ಕೊಯ್ದ ಬಾಯಿಯ ಒಳ ಅಂಚೇ ನೀರು ಒಳಹೋಗುವ ಬಾಗಿಲು. ಅದಕ್ಕೆ ಎಪಾಕ್ಸಿ ಇಲ್ಲವೇ ಪಿಯು ವಾರ್ನಿಷ್ ಎರಡು ಕೈ ಹೊಡೆಯಿರಿ, ಮೊದಲನೆಯದು ಒಣಗಿದ ಮೇಲೆ ಎರಡನೆಯದು. ನಲ್ಲಿಯ ತೂತಿಗೂ ಅಷ್ಟೇ, ಎಲ್ಲರೂ ಮರೆಯುವುದು ಅದನ್ನೇ. ಸಿಂಕಿನ ಅಂಚಿನಡಿ ಸಿಲಿಕಾನ್ ಗೆರೆ ಎಲ್ಲಿಯೂ ತುಂಡಾಗದಂತೆ ಎಳೆದು, ಒಂದು ದಿನ ನೀರು ಬಿಡಬೇಡಿ. ಸಿಂಕಿನ ಕೆಳಗಿನ ವೇಸ್ಟ್ ಪೈಪ್ ಜೋಡಣೆಯ ಸುತ್ತ ಬಿಳಿ ಉಪ್ಪು ಕಟ್ಟಿದ್ದರೆ ಅಲ್ಲೂ ಸಣ್ಣಗೆ ಸೋರುತ್ತಿದೆ ಎಂದರ್ಥ. ಬೋರ್‌ವೆಲ್ ನೀರಿನ ಒಂದು ಉಪಕಾರವೆಂದರೆ ಸೋರಿದ ಜಾಗಕ್ಕೆ ತಾನೇ ಸುಣ್ಣ ಬಳಿದು ತೋರಿಸುತ್ತದೆ.

ಪ್ರಶ್ನೆ: ಟಿಫಿನ್ ಮಾರುವ ಸಣ್ಣ ಟ್ರೇಲರ್ ಇದೆ. ಕಟ್ಟೆ ಪದೇ ಪದೇ ಸಡಿಲವಾಗುತ್ತದೆ. ಅದನ್ನು ಕಿತ್ತು ಇಳಕಲ್ ಗ್ರಾನೈಟ್ ಹಾಕಿಸಿದರೆ ಭಾರಕ್ಕೆ ತಾನೇ ಕೂರುತ್ತದೆ ಅನ್ನುತ್ತಾರೆ. ನಿಜವೇ?
— ಓದುಗರು, ಗಂಗಾವತಿ

ಉತ್ತರ: ನಿಂತ ಗಾಡಿಯಲ್ಲಿ ಕೂರುತ್ತದೆ, ಓಡುವ ಗಾಡಿಯಲ್ಲಿ ಒಡೆಯುತ್ತದೆ. 18 ಮಿ.ಮೀ. ಗ್ರಾನೈಟ್ ಒಂದು ಚದರ ಮೀಟರಿಗೆ 48 ಕೆ.ಜಿ.ಯಷ್ಟು ತೂಗುತ್ತದೆ. 4 ಅಡಿಗೆ ಒಂದೂವರೆ ಅಡಿಯ ಕಟ್ಟೆಗೆ ಅದು 27 ಕೆ.ಜಿ. ಅದೇ ಅಳತೆಯ 18 ಮಿ.ಮೀ. ಪ್ಲೈ ಆರೂವರೆ ಕೆ.ಜಿ. ಆಸುಪಾಸು. ನಾಲ್ಕು ಪಟ್ಟು ಭಾರ ಎಂದರೆ ಪ್ರತಿ ಗುಂಡಿಯಲ್ಲೂ ಕಪಾಟಿನ ಮೇಲೆ ನಾಲ್ಕು ಪಟ್ಟು ಹೊಡೆತ. ಒಲೆಗೆ, ಸಿಂಕಿಗೆ ಬಾಯಿ ಕೊಯ್ದ ಮೇಲೆ ಮುಂದೆ ಉಳಿಯುವ ಎರಡು ಮೂರು ಇಂಚಿನ ಪಟ್ಟಿಯೇ ಮೊದಲು ಸೀಳು ಬಿಡುವುದು. ಜೊತೆಗೆ ಆ ಭಾರವೆಲ್ಲ ಒಂದೇ ಪಕ್ಕಕ್ಕೆ ಬಿದ್ದು ಆ ಬದಿಯ ಪಟ್ಟಾ, ಟಯರು ಬೇಗ ಸವೆಯುತ್ತವೆ.

ಇಡ್ಲಿ ದೋಸೆ ಮಾಡುವ ಕಟ್ಟೆಗೆ ನಮ್ಮ ಸಲಹೆ: 12 ಮಿ.ಮೀ. ಮರೈನ್ ಪ್ಲೈ, ಅದರ ಮೇಲೆ 304 ಗ್ರೇಡಿನ 1 ಮಿ.ಮೀ. ಸ್ಟೀಲ್ ತಗಡು. ಎರಡೂ ಸೇರಿ 9 ಕೆ.ಜಿ. ಸುತ್ತ. ತಗಡಿನ ನಾಲ್ಕೂ ಅಂಚನ್ನು ಬೆಂಡಿಂಗ್ ಮಷೀನಿನಲ್ಲಿ 1 ಇಂಚು ಕೆಳಕ್ಕೆ ಮಡಿಸಿಸಿ, ಪ್ಲೈ ಅದರೊಳಗೆ ಮುಚ್ಚಳದೊಳಗೆ ಕೂತ ಹಾಗೆ ಕೂರಲಿ. ಅಂಚು ಮಡಿಸದೆ ಬರೀ ಅಂಟಿಸಿದ ತಗಡು ಬಿಸಿಗೆ ಹಿಗ್ಗಿ ನಡುವೆ ಉಬ್ಬಿ, ಮೇಲೆ ಕೈಯಿಟ್ಟಾಗೆಲ್ಲ ಟಕ್ ಟಕ್ ಅನ್ನುತ್ತದೆ. ದಿನವೂ ಅಲ್ಲಾಡುವ ಗಾಡಿಯಾದ್ದರಿಂದ ಸ್ಕ್ರೂ ಬಿಟ್ಟು 6 ಮಿ.ಮೀ. ಬೋಲ್ಟು, ಅಗಲ ವಾಷರ್, ನೈಲಾಕ್ ನಟ್ ಹಾಕಿಸಿ. ನೈಲಾಕ್ ನಟ್ಟಿನೊಳಗೆ ಪ್ಲಾಸ್ಟಿಕ್ ಉಂಗುರ ಇರುತ್ತದೆ, ಅದು ಬೋಲ್ಟನ್ನು ಕಚ್ಚಿ ಹಿಡಿಯುವುದರಿಂದ ನಡುಕಕ್ಕೆ ಬಿಚ್ಚಿಕೊಳ್ಳದು. ಒಮ್ಮೆ ಬಿಚ್ಚಿದರೆ ಮತ್ತೆ ಅದನ್ನೇ ಹಾಕಬೇಡಿ, ಹೊಸದು ಹಾಕಿ.

ಪ್ರಶ್ನೆ: ಸ್ಕ್ರೂ, ಕ್ಲಾಂಪಿನ ರಗಳೆ ಯಾಕೆ, ಫೆವಿಕಾಲ್ ಹಾಕಿ ಕಟ್ಟೆಯನ್ನು ಪೂರ್ತಿ ಅಂಟಿಸಿಬಿಟ್ಟರೆ?
— ಓದುಗರು, ಸಿಂಧನೂರು

ಉತ್ತರ: ನಾಳೆ ಸಿಂಕಿನ ಪೈಪು ಸೋರಿದರೆ ಕಟ್ಟೆ ತೆಗೆಯುವುದು ಹೇಗೆ? ಒಡೆದೇ ತೆಗೆಯಬೇಕು. ಅಲ್ಲದೆ ಬಿಳಿ ಅಂಟು ಎರಡೂ ಬದಿ ಏನೂ ಬಳಿಯದ ಬರೀ ಮರ ಇದ್ದಾಗ ಹಿಡಿಯುತ್ತದೆ. ಸನ್‌ಮೈಕಾ, ಪೇಂಟು, ಕಬ್ಬಿಣದ ಮೇಲೆ ಅದು ಬರೀ ಸಿಪ್ಪೆ. ಸಾಮಾನ್ಯ ಬಿಳಿ ಅಂಟು ನೀರಿಗೂ, ಮುಚ್ಚಿಟ್ಟ ಟ್ರೇಲರ್‌ನ ಬೇಸಿಗೆಯ ಕಾವಿಗೂ ಮೆತ್ತಗಾಗುತ್ತದೆ. ಅಂಟಿಗೂ ಅದರದೇ ಜಾಗ ಉಂಟು. ಕಿನ್ನಾಳದ ಚಿತ್ರಗಾರರು ಹುಣಸೆ ಬೀಜದ ಅಂಟಿನಲ್ಲಿ ಬೊಂಬೆ ಕಟ್ಟುತ್ತಾರೆ, ಅವು ತಲೆಮಾರು ಬಾಳುತ್ತವೆ. ಆದರೆ ಆ ಬೊಂಬೆಗಳು ಸಿರುಗುಪ್ಪ ರಸ್ತೆಯಲ್ಲಿ ಒಲೆ ಹೊತ್ತು ಓಡುವುದಿಲ್ಲ.

ಎಪಾಕ್ಸಿ ಬಳಸುವವರಿಗೆ ಒಂದು ಮಾತು: ನಮ್ಮ ಕಡೆಯ ಬಿಸಿಲಲ್ಲಿ ಅದು ಡಬ್ಬಿಯ ಮೇಲೆ ಬರೆದ ಸಮಯಕ್ಕಿಂತ ಬಹಳ ಬೇಗ ಗಟ್ಟಿಯಾಗುತ್ತದೆ. 10 ಡಿಗ್ರಿ ಹೆಚ್ಚಿದರೆ ಕೆಲಸದ ಸಮಯ ಅರ್ಧಕ್ಕಿಳಿಯುತ್ತದೆ ಎಂದು ಲೆಕ್ಕ ಹಿಡಿಯಿರಿ. ಬೆಳಿಗ್ಗೆ ಎಂಟರೊಳಗೆ, ಮೂರು ನಾಲ್ಕು ತೂತಿಗಾಗುವಷ್ಟೇ ಕಲಸಿಕೊಂಡು ಮುಗಿಸಿ.

ಪ್ರಶ್ನೆ: ಕಟ್ಟೆಯ ಪಕ್ಕದ ಮಡಚುವ ಹಲಗೆಯ ಹಿಂಜಸ್ ಮೂರು ಸಲ ಕಿತ್ತು ಬಂದಿದೆ. ವೆಲ್ಡಿಂಗ್ ಮಾಡಿಸಿಬಿಡಲೇ?
— ಓದುಗರು, ಕೊಪ್ಪಳ

ಉತ್ತರ: ಟ್ರೇಲರ್ ಒಳಗೆ ವೆಲ್ಡಿಂಗ್ ಬೇಡ. ಗೋಡೆಯೊಳಗಿನ ಥರ್ಮಾಕೋಲಿಗೆ ಕಿಡಿ ಬಿದ್ದರೆ ಹೊರಗೆ ಏನೂ ಕಾಣದೆ ಒಳಗೊಳಗೇ ಉರಿಯುತ್ತದೆ. ಎರಡು ಸಣ್ಣ ಹಿಂಜಸ್ ತೆಗೆದು, ಹಲಗೆಯ ಪೂರ್ತಿ ಅಗಲಕ್ಕೆ ಒಂದೇ ಪಿಯಾನೋ ಹಿಂಜಸ್ ಹಾಕಿ. ಆಗ ಎಳೆತ ನಾಲ್ಕು ಸ್ಕ್ರೂ ಬದಲು ಹತ್ತು ಹನ್ನೆರಡಕ್ಕೆ ಹಂಚಿಹೋಗುತ್ತದೆ. ಕಪಾಟಿನ ಕಡೆ ಎರಡು ತುದಿಗೆ ಮಾತ್ರ 4 ಮಿ.ಮೀ. ಬೋಲ್ಟು ಆರಪಾರು ಹೋಗಲಿ, ಒಳಗೆ ವಾಷರ್ ಇರಲಿ.

ಮೂರು ಸಲ ಕಿತ್ತಿದೆ ಎಂದರೆ ಹಿಂಜಸ್ ಜೊತೆಗೆ ಆಸರೆಯ ತಪ್ಪೂ ಇದೆ. ಹಲಗೆ 12 ಇಂಚು ಚಾಚಿದ್ದರೆ ಕೆಳಗಿನ ಆಸರೆ ಕಡ್ಡಿ ಕನಿಷ್ಠ 8 ಇಂಚಿನಾಚೆ ಹೋಗಿ ಹಿಡಿಯಬೇಕು. 4 ಇಂಚಿಗೇ ನಿಂತರೆ ತುದಿಯಲ್ಲಿಟ್ಟ ನೀರಿನ ಕೊಡ ಸನ್ನೆಗೋಲಿನ ಹಾಗೆ ಹಿಂಜಸ್ ಎಬ್ಬುತ್ತದೆ. ಹೊರಡುವ ಮೊದಲು ಹಲಗೆ ಮಡಚಿ ಚಿಲಕ ಹಾಕಿ. ಓಡುವಾಗ ಬಿಚ್ಚಿಕೊಂಡು ಬಡಿಯುವ ಹಲಗೆ ಹೊಸ ಹಿಂಜಸ್ಸನ್ನೂ ಕೀಳುತ್ತದೆ.